ಮೂರು ಸೈಟು, ಮೂರು ದೂರ: ಯಾವುದನ್ನು ನಂಬೋದು?

ಕಿಟಕಿಸೀಟು: ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವಿನ ದೂರ ಹುಡುಕಿದೆ. ಒಂದು ಸೈಟಿನಲ್ಲಿ 1,852, ಇನ್ನೊಂದರಲ್ಲಿ 1,151, ಮತ್ತೊಂದರಲ್ಲಿ ಸರಿಯಾಗಿ 1,000. ಹಾರಾಟಕ್ಕೆ ಮಾತ್ರ ಮೂರೂ 2 ಗಂಟೆ 45 ನಿಮಿಷ ಅನ್ನುತ್ತವೆ. ಟಿಕೆಟ್ ನೋಡಿದರೆ ಆರೂವರೆ ಗಂಟೆ! ಯಾರದು ಸುಳ್ಳು?

ನಕ್ಷೆಹುಚ್ಚ: ಯಾರದೂ ಅಲ್ಲ. ಮೊದಲನೆಯದು ಕಿಲೋಮೀಟರ್, ಎರಡನೆಯದು ಮೈಲಿ, ಮೂರನೆಯದು ನಾಟಿಕಲ್ ಮೈಲಿ. ವಿಮಾನದವರ ಲೆಕ್ಕ ನಾಟಿಕಲ್ ಮೈಲಿಯಲ್ಲೇ, ಒಂದಕ್ಕೆ 1.852 ಕಿ.ಮೀ. ಇದು ಗ್ರೇಟ್ ಸರ್ಕಲ್ ದೂರ. ಗ್ಲೋಬಿನ ಮೇಲೆ ಎರಡು ಊರಿಗೆ ದಾರ ಬಿಗಿಹಿಡಿದರೆ ಸಿಗುವ ಹತ್ತಿರದ ದಾರಿ. ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ನ್ಯೂಯಾರ್ಕ್, ಮ್ಯಾಡ್ರಿಡ್ ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ. ಆದರೂ ಹತ್ತಿರದ ದಾರಿ ಉತ್ತರಕ್ಕೆ ಬಾಗುತ್ತದೆ.

ಲಗೇಜುಕಮ್ಮಿ: ದಾರವೆಲ್ಲ ಸರಿ ಸಾರ್, ಆ ದಾರದ ಮೇಲೆ ವಿಮಾನವೇ ಇಲ್ಲವಲ್ಲ! ಸಣ್ಣ ಊರಿಂದ ದೂರದ ಸಣ್ಣ ಊರಿಗೆ ನೇರ ವಿಮಾನ ಬಿಟ್ಟರೆ ಸೀಟು ತುಂಬಬೇಕಲ್ವಾ? ದೊಡ್ಡ ನಿಲ್ದಾಣದಲ್ಲಿ ಇಳಿದು ಹತ್ತಬೇಕು. ಮೊದಲ ಹಾರಾಟ 2 ಗಂಟೆ ಅಂತಿಟ್ಟುಕೊಳ್ಳಿ, ಎರಡನೆಯದು ಒಂದೂಮುಕ್ಕಾಲು, ನಡುವೆ ಕಾಯೋದು ಎರಡೂಮುಕ್ಕಾಲು. ಆಯ್ತಲ್ಲ ಆರೂವರೆ. ನಿಮ್ಮ 1,852 ತಗೊಂಡು ಏನು ಮಾಡೋದು?

ನಕ್ಷೆಹುಚ್ಚ: ಹೋಲಿಸೋಕೆ ಬೇಕು. ಸುತ್ತು ಎಷ್ಟು ಅಂತ ಗೊತ್ತಾಗೋದೇ ಅದರಿಂದ.

ಎಟಿಆರ್‌ಪ್ರೇಮಿ: ಆ 2:45 ಕೂಡ ಸುಮ್ನೆ ಭಾಗಾಕಾರ. ಜೆಟ್ ವಿಮಾನದ ಗಂಟೆಗೆ 830 ಕಿ.ಮೀ. ವೇಗದಿಂದ ಭಾಗಿಸಿದರೆ 2:14. ಏರೋದು, ಇಳಿಯೋದು, ರನ್‌ವೇವರೆಗೆ ಉರುಳೋದು ಅಂತ ಅರ್ಧ ಗಂಟೆ ಸೇರಿಸುತ್ತಾರೆ. ಸಣ್ಣ ನಿಲ್ದಾಣಕ್ಕೆ ಬರೋದು ಎಷ್ಟೋ ಸಲ ಎಟಿಆರ್ 72 ಅನ್ನೋ ಪ್ರೊಪೆಲ್ಲರ್ ವಿಮಾನ. ಅದರ ವೇಗ ಸುಮಾರು 500. ಜನ ತುಂಬಿಕೊಂಡು ಅಷ್ಟು ದೂರ ಒಂದೇ ಹಾರಾಟದಲ್ಲಿ ಹೋಗೋದೂ ಇಲ್ಲ.

ಮೋಡದಮೇಲೆ: ಪಶ್ಚಿಮಕ್ಕೆ ಹೋಗುವಾಗ ಭೂಮಿ ಕೆಳಗೆ ತಿರುಗುತ್ತಿರುತ್ತದಲ್ಲ, ಬೇಗ ತಲುಪಬೇಕಲ್ವಾ?

ಎಟಿಆರ್‌ಪ್ರೇಮಿ: ಇಲ್ಲ ಗುರು. ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ. ವ್ಯತ್ಯಾಸ ಮಾಡೋದು ಜೆಟ್ ಸ್ಟ್ರೀಮ್, ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸೋ ಜೋರು ಗಾಳಿ. ಗಾಳಿ 100 ಕಿ.ಮೀ. ವೇಗದಲ್ಲಿ ಹಿಂದಿನಿಂದ ತಳ್ಳಿದರೆ ಈ ದೂರಕ್ಕೆ 2 ಗಂಟೆ, ಎದುರಿಗೆ ಬಂದರೆ ಎರಡೂವರೆ. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು ವಿಮಾನ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂತು. ಮಾಮೂಲಿಗೆ ಆರೂವರೆ ಆಸುಪಾಸು ಬೇಕು.

ನಕ್ಷೆಹುಚ್ಚ: ಆ ಗಾಳಿ ಪೂರ್ವಕ್ಕೇ ಬೀಸೋದರಲ್ಲಿ ಭೂಮಿ ತಿರುಗೋದರ ಪಾತ್ರ ಇದೆ. ಹಾಗಾಗಿ ಮೋಡದಮೇಲೆಯವರು ಪೂರ್ತಿ ತಪ್ಪಲ್ಲ, ದಿಕ್ಕು ಉಲ್ಟಾ ಹಿಡಿದರು ಅಷ್ಟೇ :)

ಲಗೇಜುಕಮ್ಮಿ: ಆಕಾಶವೂ ಎಲ್ಲರಿಗೂ ತೆರೆದಿರಲ್ಲ. 2022ರಲ್ಲಿ ರಷ್ಯಾ ತನ್ನ ಆಕಾಶ ಮುಚ್ಚಿದ ಮೇಲೆ ಹೆಲ್ಸಿಂಕಿ–ಟೋಕಿಯೋ ಒಂಬತ್ತೂವರೆಯಿಂದ 13 ಗಂಟೆಗೆ ಹೋಯಿತು. ದಾರದ ದೂರ ಒಂದಿಂಚೂ ಬದಲಾಗಿಲ್ಲ.

ನಕ್ಷೆಹುಚ್ಚ: ಒಪ್ಪಿದೆ ಮಾರಾಯ್ರೇ, ಅದಕ್ಕೆ ಉತ್ತರ ಇಲ್ಲ.

ಕಿಟಕಿಸೀಟು: ಇನ್ನೊಂದು. ವಾಪಸ್ ಬರೋದಕ್ಕೆ ಟಿಕೆಟ್ ಗಡಿಯಾರದ ಪ್ರಕಾರ ಐದೂವರೆ ಗಂಟೆಯೇ ಆಗುತ್ತದೆ. ಗಾಳಿನಾ?

ಎಟಿಆರ್‌ಪ್ರೇಮಿ: ಎರಡು ಊರಿನ ಟೈಮ್ ಝೋನ್ ಬೇರೆನಾ ನೋಡಿ. ಟಿಕೆಟ್‌ನಲ್ಲಿ ಹಾಕೋದು ಆಯಾ ಊರಿನ ಸಮಯ.

ಕಿಟಕಿಸೀಟು: ಹೌದು, ಆ ಊರಿನ ಗಡಿಯಾರ ಒಂದು ಗಂಟೆ ಮುಂದೆ! ಆದರೆ ಹೋಗುವಾಗಲೂ ಅದನ್ನು ಲೆಕ್ಕಕ್ಕೆ ಹಿಡಿದರೆ ನಿಜಕ್ಕೂ ಐದೂವರೆಯೇ, ಬರುವಾಗ ಆರೂವರೆ.

ಲಗೇಜುಕಮ್ಮಿ: ಹಾಗಾದರೆ ಕಾಯೋದು ಬರೀ ಒಂದೂಮುಕ್ಕಾಲು. ಎರಡೂ ಹಾರಾಟ ಒಂದೇ ಬುಕಿಂಗಾ? ಬೇರೆ ಬೇರೆಯಾದರೆ ಲಗೇಜು ತಗೊಂಡು ಮತ್ತೆ ಚೆಕ್ ಇನ್ ಮಾಡಬೇಕಾಗಬಹುದು.

ಕಿಟಕಿಸೀಟು: ಬೇರೆ ಬೇರೆ. ಇನ್ನೂ ದುಡ್ಡು ಕಟ್ಟಿಲ್ಲ, ಪುಣ್ಯ. ಮತ್ತೆ ಹುಡುಕುತ್ತೇನೆ.