ಮೊದಲ ಚಳಿಗಾಲಕ್ಕೇ ಡ್ರೈವ್‌ವೇ ಚಕ್ಕೆ ಏಳುತ್ತಿದೆ. ತಪ್ಪು ಉಪ್ಪಿನದಾ, ಕೆಲಸದ್ದಾ?

ಮೂಲೆಮನೆಯವಳು:

ಎಲ್ಲರಿಗೂ ನಮಸ್ಕಾರ. ಮನೆ ಮುಂದೆ ಕಾರು ನಿಲ್ಲಿಸುವ ಜಾಗಕ್ಕೆ ಕಾಂಕ್ರೀಟ್ ಹಾಕಿಸಿ 5 ತಿಂಗಳಾಯಿತು. 6 ಮೀಟರ್ ಅಗಲ, 9 ಮೀಟರ್ ಉದ್ದ, 4 ಇಂಚು ದಪ್ಪ. ಈಗ ಹಿಮ ಕರಗುತ್ತಿದ್ದಂತೆ ಮೇಲ್ಗಡೆ ಚಕ್ಕೆ ಚಕ್ಕೆಯಾಗಿ ಏಳುತ್ತಿದೆ.

ಒಂದು ಚಕ್ಕೆ ಎತ್ತಿ ನೋಡಿದೆ. ಅಂಗೈ ಅಗಲ ಇದೆ, 2-3 ಮಿಲಿಮೀಟರ್ ದಪ್ಪ. ಮೇಲ್ಗಡೆ ಪೊರಕೆ ಎಳೆದ ಗೆರೆ ಹಾಗೇ ಇದೆ. ತಿರುಗಿಸಿದರೆ ಬೂದಿಯಂಥ ಪುಡಿ, ಬೆರಳಿಗೆ ಅಂಟುತ್ತದೆ. ಅದು ಎದ್ದ ಜಾಗದಲ್ಲಿ ಜಲ್ಲಿಯ ತಲೆ ಕಾಣುತ್ತಿದೆ.

ಜಾಸ್ತಿ ಹಾಳಾಗಿರುವುದು ಎರಡು ಕಡೆ. ಕಾರಿನ ಚಕ್ರ ನಿಲ್ಲುವ ಜಾಗ, ಇನ್ನೊಂದು ಸೂರಿನ ನೀರು ಇಳಿಯುವ ಪೈಪಿನ ಮೂಲೆ. ಗ್ಯಾರೇಜ್ ಬಾಗಿಲ ಮುಂದೆ, ಸೂರಿನ ಅಡಿಯಲ್ಲಿ ಒಂದು ಪಟ್ಟಿ ಮಾತ್ರ ಹೊಸದರ ಹಾಗೇ ಇದೆ.

ಕೆಲಸದ ದಿನ ನಾನು ಅಲ್ಲೇ ಇದ್ದೆ. ಮಿಕ್ಸರ್ ಲಾರಿ ಒಂದೂವರೆ ಗಂಟೆ ತಡವಾಗಿ ಬಂತು. ಮಾಲು ಗಟ್ಟಿಯಾಗಿದೆ ಅಂತ ಡ್ರಮ್ಮಿಗೆ ಪೈಪ್ ಹಿಡಿದು ನೀರು ಬಿಟ್ಟರು. ಕತ್ತಲಾಗುವ ಮುಂಚೆ ಮುಗಿಸುವ ಅವಸರ. ಮೇಲೆ ನೀರು ಹೊಳೆಯುತ್ತಿದ್ದಾಗಲೇ ಕರಣೆ ಆಡಿಸಿದರು. ಆ ರಾತ್ರಿ 2 ಡಿಗ್ರಿ ಇತ್ತು. ಪ್ಲಾಸ್ಟಿಕ್ ಹಾಳೆ ಹೊದಿಸಿ ಹೋದರು, ಬೆಳಿಗ್ಗೆ ನೋಡಿದರೆ ಗಾಳಿಗೆ ಅರ್ಧ ಹಾರಿತ್ತು. 3 ವಾರಕ್ಕೆ ಮೊದಲ ಹಿಮ ಬಿತ್ತು. ಅಮ್ಮ ಅಲ್ಲೇ ಓಡಾಡುತ್ತಾರೆ, ಜಾರಿ ಬಿದ್ದರೆ ಕಷ್ಟ ಅಂತ ನಾನೇ ಉಪ್ಪು ಹಾಕಿದೆ.

ಗುತ್ತಿಗೆದಾರರು ಈಗ "ಉಪ್ಪು ಹಾಕಿದ್ದಕ್ಕೇ ಹೀಗಾಯಿತು" ಅನ್ನುತ್ತಿದ್ದಾರೆ. ನಿಜವಾಗಿಯೂ ನನ್ನ ತಪ್ಪಾ? ಮೇಲೊಂದು ಹೊಸ ಪದರ ಹಾಕಿದರೆ ನಿಲ್ಲುತ್ತದಾ, ಅಥವಾ ಪೂರ್ತಿ ಒಡೆಸಬೇಕಾ?

---

ಉತ್ತರದಿಕ್ಕು:

ನಮ್ಮ ಮೆಟ್ಟಿಲಿಗೂ ಹೀಗೇ ಆಗಿತ್ತು. ಎಪಾಕ್ಸಿ ಪೇಂಟ್ ಹೊಡೆಸಿಬಿಡಿ. ನೀರು ಒಳಗೆ ಹೋಗದಿದ್ದರೆ ತೊಂದರೆಯೇ ಇಲ್ಲ ಅಲ್ವಾ.

---

ಕರಣೆಕೈ:

ಅಕ್ಕಾ, ದಯವಿಟ್ಟು ಪೇಂಟ್ ಮಾತ್ರ ಹೊಡೆಸಬೇಡಿ. ನೆಲಕ್ಕೆ ಹಾಕಿದ ಕಾಂಕ್ರೀಟ್ ಮೇಲಿನಿಂದಷ್ಟೇ ನೀರು ಕುಡಿಯುವುದಿಲ್ಲ, ಅಡಿಯಿಂದಲೂ ತೇವ ಏರುತ್ತದೆ. ಮೇಲೆ ಪೇಂಟ್ ಮುಚ್ಚಿದರೆ ಆ ತೇವ ಹೊರಗೆ ಹೋಗಲು ದಾರಿ ಇಲ್ಲ. ಪೇಂಟಿನ ಅಡಿಯಲ್ಲೇ ಹೆಪ್ಪುಗಟ್ಟುತ್ತದೆ. ಮುಂದಿನ ವರ್ಷ ಪೇಂಟಿನ ಜೊತೆ ಇನ್ನೂ ದಪ್ಪ ಚಕ್ಕೆ ಎದ್ದು ಬರುತ್ತದೆ.

14 ವರ್ಷದಿಂದ ಕಾಂಕ್ರೀಟ್ ಫಿನಿಶಿಂಗ್ ಮಾಡುತ್ತಿದ್ದೇನೆ, ಅದೂ ಇಂಥ ಚಳಿ ಜಾಗದಲ್ಲೇ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಅಡಿಯಲ್ಲಿ ಪುಡಿ ಇರುವ ತೆಳು ಚಕ್ಕೆ ಅಂದರೆ ಮೇಲಿನ ಪದರ ಹಾಕಿದ ದಿನವೇ ಸೊರಗಿತ್ತು ಅಂತ ನನ್ನ ಅಂದಾಜು. ಚಳಿ ಅದನ್ನು ಎತ್ತಿ ತೋರಿಸಿತು, ಅಷ್ಟೇ.

ಕಾಂಕ್ರೀಟ್ ಸುರಿದು ಮಟ್ಟ ಮಾಡಿದ ಮೇಲೆ ಜಲ್ಲಿ, ಸಿಮೆಂಟ್ ನಿಧಾನಕ್ಕೆ ಕೆಳಗೆ ಕೂರುತ್ತವೆ, ನೀರು ಮೇಲೆ ಬರುತ್ತದೆ. ಪಕ್ಕಕ್ಕೆ ಬಗ್ಗಿ ನೋಡಿದರೆ ಕನ್ನಡಿಯ ಹಾಗೆ ಮಿಂಚುತ್ತದೆ. ಆ ಮಿಂಚು ಹೋಗಿ ಮಂಕಾಗುವ ತನಕ ಕರಣೆ ಮುಟ್ಟಲೇಬಾರದು. ಕಾಲಿಟ್ಟರೆ ಹೆಜ್ಜೆ ಅರ್ಧ ಸೆಂಟಿಮೀಟರ್‌ನಷ್ಟೇ ಇಳಿಯಬೇಕು, ಆಗ ಶುರು ಮಾಡಬಹುದು. ಚಳಿಯಲ್ಲಿ ಮಾಲು ಬಿಗಿಯಾಗುವುದೇ ನಿಧಾನ, ಹಾಗಾಗಿ ನೀರು ಬಿಡುವುದೂ ಜಾಸ್ತಿ ಹೊತ್ತು. ಅವಸರ ಮಾಡಿ ಕರಣೆ ಆಡಿಸಿದರೆ ಆ ನೀರನ್ನು ಸಿಮೆಂಟ್ ಹಾಲಿನೊಳಗೆ ವಾಪಸ್ ಕಲಸಿದ ಹಾಗೆ. ಮೇಲಿನ 2-3 ಮಿಲಿಮೀಟರ್ ಬರೀ ನೀರುನೀರು ಗಾರೆ ಆಗುತ್ತದೆ. ನಿಮ್ಮ ಚಕ್ಕೆಯ ದಪ್ಪವೂ ಅಷ್ಟೇ, ನೋಡಿ.

ಇದನ್ನು ನಾನು ಕಲಿತದ್ದು ಒಂದು ಮನೆಯ ಮೆಟ್ಟಿಲು ಹಾಳು ಮಾಡಿ. ಕೆಲಸಕ್ಕೆ ಸೇರಿ ಎರಡನೇ ವರ್ಷ. ಮೇಲ್ಮೈ ಬೇಗ ಒಣಗಿತು, ಕರಣೆ ಜಾರುತ್ತಿಲ್ಲ ಅಂತ ಬ್ರಷ್ಷಿನಲ್ಲಿ ನೀರು ಚಿಮುಕಿಸಿ ಉಜ್ಜಿದೆ. ಗಾಜಿನಂತೆ ನುಣ್ಣಗಾಯಿತು, ಎಲ್ಲರೂ ಹೊಗಳಿದರು. ಚಳಿಗಾಲ ಕಳೆದು ಹೋಗಿ ನೋಡಿದರೆ ಐದೂ ಮೆಟ್ಟಿಲಲ್ಲಿ ಜಲ್ಲಿ ಕಾಣುತ್ತಿತ್ತು. ನನ್ನ ಖರ್ಚಲ್ಲೇ ಒಡೆದು ಹೊಸದು ಹಾಕಿಕೊಟ್ಟೆ. ಅಂದಿನಿಂದ ಹೊರಗಿನ ಕಾಂಕ್ರೀಟಿಗೆ ಸ್ಟೀಲ್ ಕರಣೆಯನ್ನೇ ಮುಟ್ಟಿಸುವುದಿಲ್ಲ. ಮರದ ಇಲ್ಲವೇ ಮೆಗ್ನೀಸಿಯಂ ಕರಣೆ, ಆಮೇಲೆ ಪೊರಕೆ ಗೆರೆ, ಅಷ್ಟೇ. ಜಾಸ್ತಿ ತಿಕ್ಕಿದಷ್ಟೂ ಮೇಲಿನ ಪದರದ ಗಾಳಿಗುಳ್ಳೆ ಒಡೆದು ಹೋಗುತ್ತವೆ.

ಆ ಗಾಳಿಗುಳ್ಳೆಗಳೇ ಇಲ್ಲಿ ಮುಖ್ಯ. ನೀರು ಹೆಪ್ಪುಗಟ್ಟಿದಾಗ ಸುಮಾರು 9% ಉಬ್ಬುತ್ತದೆ. ಕಾಂಕ್ರೀಟಿನ ಸಣ್ಣ ರಂಧ್ರಗಳು ತುಂಬಿಕೊಂಡಿದ್ದರೆ ಆ ಉಬ್ಬಿಗೆ ಜಾಗ ಇಲ್ಲ, ಒಳಗಿಂದಲೇ ಸೀಳುತ್ತದೆ. ಅದಕ್ಕೇ ಚಳಿ ಜಾಗದ ಮಾಲಿಗೆ ಬೇಕಂತಲೇ ಗುಳ್ಳೆ ಬರಿಸುವ ರಾಸಾಯನಿಕ ಹಾಕುತ್ತಾರೆ. ಸಾಮಾನ್ಯ 20 ಮಿಲಿಮೀಟರ್ ಜಲ್ಲಿಯ ಮಾಲಿಗೆ ಸುಮಾರು 6% ಗಾಳಿ. ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆ. ಉಬ್ಬುವ ನೀರಿಗೆ ಹತ್ತಿರದಲ್ಲೇ ಒಂದು ಖಾಲಿ ಕೋಣೆ ಸಿಕ್ಕ ಹಾಗೆ.

ಉಪ್ಪಿನ ವಿಷಯ. ಹೊಸ ಕಾಂಕ್ರೀಟಿಗೆ ಮೊದಲ ಚಳಿಗಾಲದಲ್ಲಿ ಉಪ್ಪು ಹಾಕಬಾರದಿತ್ತು, ಅದು ನಿಜ. ಉಪ್ಪು ಹಾಕಿದರೆ ಹಿಮ ಕರಗಿ ನೀರು ಅಲ್ಲೇ ನಿಲ್ಲುತ್ತದೆ, ಒಳಗೆ ಇಳಿಯುತ್ತದೆ, ರಾತ್ರಿ ಮತ್ತೆ ಗಟ್ಟಿಯಾಗುತ್ತದೆ. ಆದರೆ ಇದನ್ನು ನಿಮಗೆ ಮೊದಲೇ ಹೇಳಬೇಕಾದವರು ಗುತ್ತಿಗೆದಾರರು. ಅದೂ ಅಲ್ಲದೆ ನೀವು ಒಂದು ಚಿಟಿಕೆ ಉಪ್ಪು ಹಾಕದಿದ್ದರೂ ಕಾರಿನ ಅಡಿಗೆ ಅಂಟಿದ ರಸ್ತೆಯ ಉಪ್ಪುನೀರು ಅಲ್ಲಿಗೇ ಸುರಿಯುತ್ತಿತ್ತು. ಚಕ್ರದ ಜಾಗ ಮೊದಲು ಹೋಗಿರುವುದು ಅದಕ್ಕೇ. ಸರಿಯಾಗಿ ಹಾಕಿ, ಸರಿಯಾಗಿ ಕ್ಯೂರಿಂಗ್ ಆದ (ಅಂದರೆ ತೇವ, ಬಿಸುಪು ಕಾಪಾಡಿ ಗಟ್ಟಿಯಾಗಲು ಬಿಟ್ಟ) ಕಾಂಕ್ರೀಟ್ ಉಪ್ಪನ್ನು ತಡೆದುಕೊಳ್ಳುತ್ತದೆ. ನೀವು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಸೂರಿನ ಅಡಿಯ ಪಟ್ಟಿ ಚೆನ್ನಾಗಿದೆ ಅಂದಿರಿ. ಅಲ್ಲಿಗೂ ಅದೇ ಲಾರಿಯ ಮಾಲು, ಅದೇ ಕರಣೆ, ಅದೇ ಚಳಿ. ಅಲ್ಲಿ ನೀರು ಬಿದ್ದಿಲ್ಲ, ಅದೊಂದೇ ವ್ಯತ್ಯಾಸ. ಹಾಗಾಗಿ ಇವತ್ತೇ ಮಾಡಬೇಕಾದ ಕೆಲಸ ಆ ಪೈಪನ್ನು ತಿರುಗಿಸುವುದು. ಒಂದು ಉದ್ದದ ಪೈಪ್ ಸೇರಿಸಿ ನೀರನ್ನು ಹುಲ್ಲಿನ ಕಡೆ ಬಿಡಿ. ಹಿಮ ಬಿದ್ದರೆ ಬೇಗ ಬೇಗ ತಳ್ಳಿ ತೆಗೆಯಿರಿ. ಅಮ್ಮನಿಗೆ ಜಾರದಿರಲು ಮರಳು ಹಾಕಿ. ಅಮೋನಿಯಂ ಇರುವ ಗೊಬ್ಬರವನ್ನು ಹಿಮ ಕರಗಿಸಲು ಯಾರಾದರೂ ಹೇಳಿದರೆ ಕೇಳಬೇಡಿ, ಅದು ಕಾಂಕ್ರೀಟನ್ನೇ ತಿನ್ನುತ್ತದೆ.

ಒಡೆಸುವ ಮಾತು ಈಗ ಬೇಡ. ಒಂದು ಸುತ್ತಿಗೆ ತೆಗೆದುಕೊಂಡು ಇಡೀ ಜಾಗ ಮೆಲ್ಲಗೆ ತಟ್ಟಿ ನೋಡಿ. ಟಣ್ ಅಂದರೆ ಗಟ್ಟಿ. ಡಬ್ ಅಂದರೆ ಅಲ್ಲಿ ಪದರ ಬಿಟ್ಟಿದೆ, ಚಾಕ್‌ಪೀಸಿನಲ್ಲಿ ಗೆರೆ ಹಾಕಿ. ಏನು ಬಂತು ಅಂತ ಬರೆಯಿರಿ.

---

ಪ್ರಯೋಗಶಾಲೆ:

ಕರಣೆಕೈ ಅವರು ಕೆಲಸದ ಬಗ್ಗೆ ಎಲ್ಲ ಹೇಳಿದ್ದಾರೆ. ನಾನು ಕಾಂಕ್ರೀಟ್ ಪರೀಕ್ಷೆ ಮಾಡುವವಳು, ಕಾಗದದ ಕಡೆಯಿಂದ ಹೇಳುತ್ತೇನೆ. ಲಾರಿಯ ಜೊತೆ ಒಂದು ಚೀಟಿ ಬಂದಿರುತ್ತದೆ. ಪ್ಲಾಂಟ್ ಬಿಟ್ಟ ಸಮಯ, ಮಿಕ್ಸ್, ಗಾಳಿ ಎಷ್ಟು ಕೇಳಿದ್ದರು, ಸ್ಥಳದಲ್ಲಿ ಎಷ್ಟು ನೀರು ಸೇರಿಸಿದರು ಅಂತ ಸಾಮಾನ್ಯವಾಗಿ ಅದರಲ್ಲಿ ಇರುತ್ತದೆ. ಉಪ್ಪು ಬೀಳುವ ಜಾಗಕ್ಕೆ ನೀರು-ಸಿಮೆಂಟ್ ಪ್ರಮಾಣ, ಅಂದರೆ ಸಿಮೆಂಟಿನ ತೂಕಕ್ಕೆ ನೀರಿನ ತೂಕ, 0.45 ದಾಟಬಾರದು, ಒತ್ತಡ ತಾಳುವ ಬಲ ಸುಮಾರು 31 ಮೆಗಾಪಾಸ್ಕಲ್ ಬೇಕು. ತಕರಾರು ಬೆಳೆದರೆ ಒಂದು ಸಣ್ಣ ಕೋರ್, ಅಂದರೆ ಕಂಬದಾಕಾರದ ಕಾಂಕ್ರೀಟ್ ತುಂಡು, ಕೊರೆಸಿ ತೆಗೆಸಿ. ಅದನ್ನು ನುಣ್ಣಗೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗೆ ಗುಳ್ಳೆ ಎಣಿಸಬಹುದು. ಮೇಲೆ ಎಷ್ಟಿವೆ, ಒಳಗೆ ಎಷ್ಟಿವೆ ಅಂತ ಗೊತ್ತಾಗುತ್ತದೆ.

ಗುಳ್ಳೆಯ ಉಪಯೋಗ ಗೊತ್ತಾದದ್ದೂ ಆಕಸ್ಮಿಕವಾಗಿಯೇ. 1930ರ ದಶಕದಲ್ಲಿ ಅಮೆರಿಕದಲ್ಲಿ ಕೆಲವು ರಸ್ತೆಗಳು ಮಾತ್ರ ಚಳಿಗೆ ಜಗ್ಗದೆ ನಿಂತಿದ್ದವು. ನೋಡಿದರೆ ಆ ಸಿಮೆಂಟ್ ಅರೆಯುವಾಗ ದನದ ಕೊಬ್ಬು ಸೇರಿಸಿದ್ದರು, ಅದರಿಂದ ಮಾಲಿನಲ್ಲಿ ಗುಳ್ಳೆ ಎದ್ದಿತ್ತು.

---

ಮೂಲೆಮನೆಯವಳು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಮಂಡಿಯೂರಿ ಕೂತು ಇಡೀ ಜಾಗ ತಟ್ಟಿದೆ. ಚಕ್ರದ ಎರಡು ಜಾಗ, ಪೈಪಿನ ಮೂಲೆ, ಇಷ್ಟರಲ್ಲೇ ಡಬ್ ಅಂತು. ಉಳಿದದ್ದೆಲ್ಲ ಟಣ್. ಚೀಟಿ ಸಿಕ್ಕಿತು. ಗಾಳಿ 6% ಅಂತ ಇದೆ. ಸೇರಿಸಿದ ನೀರು ಅನ್ನುವ ಕಡೆ 80 ಲೀಟರ್, ಕೆಳಗೆ ಗುತ್ತಿಗೆದಾರರ ಸಹಿ. ಅವರಿಗೆ ಫೋಟೊ ಕಳಿಸಿದೆ. ಬಂದು ನೋಡುತ್ತೇನೆ ಅಂದಿದ್ದಾರೆ, ಉಪ್ಪಿನ ಮಾತು ಎತ್ತಲಿಲ್ಲ.

---

ಕರಣೆಕೈ:

ಹಾಗಿದ್ದರೆ ಪೂರ್ತಿ ಒಡೆಸುವುದು ಬೇಡ. ಆದರೆ ಈಗಲೇ ಪ್ಯಾಚ್ ಹಾಕಲು ಬಿಡಬೇಡಿ. ರಾತ್ರಿಯೂ 10 ಡಿಗ್ರಿಗಿಂತ ಮೇಲೆ ಇರುವ ದಿನ ಬರಲಿ. ಚಾಕ್ ಗೆರೆಯೊಳಗಿನ ಸಡಿಲ ಪದರವನ್ನೆಲ್ಲ ಗಟ್ಟಿ ಕಾಂಕ್ರೀಟ್ ಸಿಗುವ ತನಕ ಕೆರೆದು ತೆಗೆಯಬೇಕು. ಪುಡಿಯ ಮೇಲೆ ಏನು ಹಾಕಿದರೂ ಪುಡಿಯ ಜೊತೆಗೇ ಎದ್ದು ಬರುತ್ತದೆ. ಆಮೇಲೆ ಹೊರಗಿನ ಬಳಕೆಗೇ ಮಾಡಿದ ಪಾಲಿಮರ್ ಗಾರೆ. ಬಿರುಕು ಅಡ್ಡಾದಿಡ್ಡಿ ಬಾರದಿರಲಿ ಅಂತ ಕಾಂಕ್ರೀಟಿನಲ್ಲಿ ಕೊಯ್ದ ಹಳೆಯ ಕಟಿಂಗ್ ಗೆರೆ ಎಲ್ಲಿದೆಯೋ ಅಲ್ಲೇ ಹೊಸದರಲ್ಲೂ ಗೆರೆ ಬರಬೇಕು, ಮುಚ್ಚಿಬಿಟ್ಟರೆ ಅಲ್ಲೇ ಬಿರುಕು ಬಿಡುತ್ತದೆ.

ಅದೆಲ್ಲ ಒಣಗಿದ ಮೇಲೆ, ಮುಂದಿನ ಚಳಿಗಾಲಕ್ಕೆ ಮುಂಚೆ, ಇಡೀ ಜಾಗಕ್ಕೆ ಸಿಲೇನ್ ಸೀಲರ್ ಹೊಡೆಸಿ. ಅದು ಪೇಂಟಿನ ಹಾಗೆ ಮುಚ್ಚುವುದಿಲ್ಲ, ಒಳಗೆ ಇಳಿದು ನೀರನ್ನು ತಡೆಯುತ್ತದೆ, ತೇವವನ್ನು ಹೊರಗೆ ಬಿಡುತ್ತದೆ. ಹೊಡೆದ ಕೆಲವು ದಿನ ಬಿಟ್ಟು ಒಂದು ಲೋಟ ನೀರು ಚೆಲ್ಲಿ ನೋಡಿ. ಹನಿ ಹನಿಯಾಗಿ ಮೇಲೇ ನಿಲ್ಲಬೇಕು. ಕಪ್ಪಗೆ ಒದ್ದೆಯಾಗಿ ಹರಡಿದರೆ ಇನ್ನೊಂದು ಸಲ ಹೊಡೆಯಲು ಹೇಳಿ. ಪೈಪ್ ತಿರುಗಿಸಿದಿರಾ?