ಸಹಾಯ ಬೇಕು: ಹಾಕಿ ಆಡುವ ಮಗಳಿಗೆ ತೊಡೆಯ ಹಿಂಭಾಗದ ನೋವು

ಎಲ್ಲರಿಗೂ ನಮಸ್ಕಾರ. ನಾವು ಪೊನ್ನಂಪೇಟೆಯ ಬಳಿ ಇದ್ದೇವೆ. 16 ವರ್ಷದ ನನ್ನ ಮಗಳು ಹಾಕಿ ಆಡುತ್ತಾಳೆ. ಮಳೆಗಾಲದಲ್ಲಿ ಬಹುತೇಕ ನಿಂತಿದ್ದ ಅಭ್ಯಾಸ, ಮಳೆ ಬಿಟ್ಟೊಡನೆ ದಿನಕ್ಕೆರಡು ಹೊತ್ತು ಶುರುವಾದ ಮೇಲೆ ಅವಳ ಬಲತೊಡೆಯ ಹ್ಯಾಮ್‌ಸ್ಟ್ರಿಂಗ್ ಸ್ನಾಯುವಿಗೆ ಎರಡು ಬಾರಿ ಪೆಟ್ಟಾಗಿದೆ. ಮೊದಲ ಸಲ ನೋವು ತಗ್ಗಿದ ಕೂಡಲೇ ಅವಳನ್ನು ಆಡಲು ಬಿಟ್ಟದ್ದು ನಮ್ಮದೇ ತಪ್ಪು. ನೋವು ಹೋದ ಮಾತ್ರಕ್ಕೆ ಸ್ನಾಯುವಿನ ಬಲ ಮರಳಿರುವುದಿಲ್ಲವೆಂದೂ, ಒಮ್ಮೆ ಪೆಟ್ಟಾದ ಜಾಗಕ್ಕೆ ಮತ್ತೆ ಪೆಟ್ಟಾಗುವ ಸಂಭವ ಹೆಚ್ಚೆಂದೂ ಫಿಸಿಯೋಥೆರಪಿಸ್ಟರು ಈಗ ವಿವರಿಸಿದ್ದಾರೆ. ಮೊಣಕಾಲೂರಿ, ಕಣಕಾಲುಗಳನ್ನು ಇನ್ನೊಬ್ಬರು ಒತ್ತಿಹಿಡಿದಿರುವಾಗ ದೇಹವನ್ನು ನಿಧಾನವಾಗಿ ಮುಂದಕ್ಕೆ ಇಳಿಸುವ ನಾರ್ಡಿಕ್ ವ್ಯಾಯಾಮವನ್ನು ಅವರು ಸೂಚಿಸಿದ್ದಾರೆ. ಇದನ್ನು ಕ್ರಮಬದ್ಧವಾಗಿ ಮಾಡಿಸಿ, ವೇಗದ ಓಟವನ್ನೂ ಹಂತಹಂತವಾಗಿ ಏರಿಸಬಲ್ಲ ತರಬೇತುದಾರರು ಗೋಣಿಕೊಪ್ಪ, ವಿರಾಜಪೇಟೆ ಅಥವಾ ಮಡಿಕೇರಿಯಲ್ಲಿ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.