ಮನೆಯವರ ಗ್ರೂಪಿನಲ್ಲಿ ಆ ಇಲಿ ಮೆಸೇಜ್ ಹಾಕಿದ್ದು ಯಾರು?

ಚಿಕ್ಕಪ್ಪ: *ಶುಗರ್ ಇರುವವರಿಗೆ ಕಸಿ ಮಾಡಿದ ಚರ್ಮ ಹಿಡಿಯುವುದಿಲ್ಲ! ಇಲಿಗಳ ಮೇಲೆ ಪರೀಕ್ಷೆ ಮಾಡಿ ನೋಡಿದ್ದಾರೆ. ಎಲ್ಲರಿಗೂ ಕಳಿಸಿ*

ಚಿಕ್ಕಪ್ಪ: ಅಣ್ಣನಿಗೆ ಸೋಮವಾರ ಕಾಲಿಗೆ ಚರ್ಮ ಕಸಿ ಮಾಡುವ ಆಪರೇಷನ್ ಅಲ್ವಾ? ಯೋಚನೆ ಮಾಡಿ.

ದೊಡ್ಡಪ್ಪ: ನಾಲಿಗೆ ಹತೋಟಿಯಲ್ಲಿ ಇಲ್ಲದಿದ್ದರೆ ಹೀಗೇ. ನಮ್ಮ ಅಪ್ಪ ಮುದ್ದೆ, ಸೊಪ್ಪಿನ ಸಾರು ಉಂಡು 90 ದಾಟಿದರು.

ಶೀನ: ಅಜ್ಜಿ ಯುಗಾದಿಗೆ ಮಾಡುತ್ತಿದ್ದ ಒಬ್ಬಟ್ಟು ನೆನಪಾಯಿತು. ಒಂದೇ ಊಟಕ್ಕೆ 8 ತಿಂದಿದ್ದೆ.

ಅತ್ತೆ: ತಿಂದಿದ್ದು ನೀನಲ್ಲ, ನಿನ್ನ ಅಣ್ಣ.

ವೀಣಾ: ಚಿಕ್ಕಪ್ಪ, ಇದು ಎಲ್ಲಿಂದ ಬಂತು? ಲಿಂಕ್ ಇದೆಯಾ?

ಚಿಕ್ಕಪ್ಪ: ನಿನಗೆ ಎಲ್ಲದಕ್ಕೂ ಲಿಂಕ್ ಬೇಕು. ದೊಡ್ಡವರು ಹೇಳಿದರೆ ಸಾಲದು.

ವೀಣಾ: ನಮ್ಮಪ್ಪನ ಕಾಲು ಚಿಕ್ಕಪ್ಪ, ಅದಕ್ಕೇ ಕೇಳುತ್ತಿದ್ದೇನೆ. ಇಂಥ ಪರೀಕ್ಷೆಗಳು ನಿಜಕ್ಕೂ ನಡೆಯುತ್ತವೆ. ಇಲಿಗೆ ಸ್ಟ್ರೆಪ್ಟೊಜೊಟೊಸಿನ್ ಅನ್ನುವ ಔಷಧಿ ಚುಚ್ಚಿದರೆ ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳು ಸಾಯುತ್ತವೆ. ಶುಗರ್ ಏರುತ್ತದೆ, ಗಾಯ ಬೇಗ ಮಾಯುವುದಿಲ್ಲ. ಆದರೆ ಅದೇ ಇಲಿಗೆ ಇನ್ಸುಲಿನ್ ಕೊಟ್ಟರೆ ಗಾಯ ಮಾಯುವುದು ಸುಧಾರಿಸುತ್ತದೆ. ಆ ಮಾತೇ ನಿಮ್ಮ ಮೆಸೇಜಿನಲ್ಲಿ ಇಲ್ಲ.

ವೀಣಾ: ಕಸಿ ಚರ್ಮಕ್ಕೆ ಮೊದಲ 1-2 ದಿನ ರಕ್ತ ಹರಿಯುವುದೇ ಇಲ್ಲ. ಗಾಯದಿಂದ ಒಸರುವ ನೀರು ಹೀರಿಕೊಂಡು ಬದುಕಿರುತ್ತದೆ. ಆಮೇಲೆ ಕೆಳಗಿನ ಸಣ್ಣ ರಕ್ತನಾಳಗಳು ಬಂದು ಕೂಡಬೇಕು. ಶುಗರ್ ಜಾಸ್ತಿ ಇದ್ದರೆ ಅದು ತಡವಾಗುತ್ತದೆ, ಕೀವಿನ ಭಯವೂ ಇದೆ. ಡಾಕ್ಟರ್ ಈಗಲೇ ಇನ್ಸುಲಿನ್ ಶುರು ಮಾಡಿದ್ದು ಅದಕ್ಕೇ. ಇನ್ನೊಂದು, ಇಲಿಯ ಚರ್ಮ ಸಡಿಲ. ಸುತ್ತಲಿನ ಚರ್ಮ ಎಳೆದುಕೊಂಡೇ ಗಾಯ ಮುಚ್ಚುತ್ತದೆ. ನಮ್ಮದು ಅಷ್ಟು ಹಾಗಲ್ಲ.

ಚಿಕ್ಕಮ್ಮ: ಇಷ್ಟುದ್ದ ಬರೆದರೆ ಯಾರು ಓದುತ್ತಾರೆ ವೀಣಾ

ದೊಡ್ಡಪ್ಪ: ಇಲಿ ಗಣಪನ ವಾಹನ. ಹಿಂಸೆ ಮಾಡಬಾರದು.

ಚಿಕ್ಕಪ್ಪ: ಒಳ್ಳೆಯದಕ್ಕೇ ಹಾಕಿದೆ. ಊರಿನ ಮನೆ ಮಾರುವಾಗಲೂ ನನ್ನ ಮಾತು ಯಾರೂ ಕೇಳಲಿಲ್ಲ.

ಅತ್ತೆ: ಪಾಲು ಕೈಗೆ ಬಂದಾಗ ಸುಮ್ನೆ ಇದ್ದೆಯಲ್ಲ!

ಶೀನ: ಆ ಮನೆಯ ಅಟ್ಟದಲ್ಲಿ ಎಷ್ಟು ಇಲಿ ಇದ್ದವು! ಬೆಲ್ಲದ ಗಡಿಗೆಗೆ ಅಜ್ಜಿ ಕಲ್ಲು ಹೇರುತ್ತಿದ್ದರು.

ವೀಣಾ: ದಯವಿಟ್ಟು ಕೇಳಿ. ಅಪ್ಪ ಈ ಮೆಸೇಜ್ ಓದಿದ್ದಾರೆ. ಬೆಳಿಗ್ಗೆಯಿಂದ ಆಪರೇಷನ್ ಬೇಡ ಅನ್ನುತ್ತಿದ್ದಾರೆ. ಇನ್ಸುಲಿನ್ನೂ ಬೇಡವಂತೆ.

ಅತ್ತೆ: ಅಯ್ಯೋ

ವೀಣಾ: ಚಿಕ್ಕಪ್ಪ, ನೀವೇ ಫೋನ್ ಮಾಡಿ. ಅವರು ನನ್ನ ಮಾತು ಕೇಳುವುದಿಲ್ಲ, ನಿಮ್ಮದು ಕೇಳುತ್ತಾರೆ.

ಚಿಕ್ಕಪ್ಪ: ಏನಂತ ಹೇಳಲಿ?

ವೀಣಾ: ಹೋದ ವಾರ ಖಾಲಿ ಹೊಟ್ಟೆಯಲ್ಲಿ ಶುಗರ್ 260 ಇತ್ತು, ಇವತ್ತು 142. ಇಳಿಯುತ್ತಿದೆ, ಬಿಡಬೇಡ ಅನ್ನಿ.

ಚಿಕ್ಕಪ್ಪ: ಈಗಲೇ ಮಾಡುತ್ತೇನೆ. ಶೀನ, ಆ ಮೆಸೇಜ್ ಅಳಿಸುವುದು ಹೇಗೋ?